ಸಾಲದ ಕಾರ್ಡೂ ಸುಗ್ಗಿಯ ಮನೆಯೂ

ಸಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಸಾಲವೆಂಬುದು ಹೊಸ ಮಾತಲ್ಲ. ಅಡಿಕೆ ಬೆಳೆಯ ಮೇಲೆ ಸೊಸೈಟಿಯಲ್ಲಿ ಮುಂಗಡ ಪಡೆದು, ಚಾಲಿಯನ್ನೋ ರಾಶಿಯನ್ನೋ ಮಾರಿ ಲೆಕ್ಕ ಚುಕ್ತಾ ಮಾಡುವ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿದೆ. 1923ರಲ್ಲಿ ಸಿರಸಿಯಲ್ಲಿ ಸ್ಥಾಪನೆಗೊಂಡ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಸಂಸ್ಥೆಗಳು ಈ ವ್ಯವಹಾರಕ್ಕೆ ನೆಲೆಯೊದಗಿಸಿದವು. ಈಗ ಹಳ್ಳಿಯ ಮನೆಗಳಿಗೂ ಕ್ರೆಡಿಟ್ ಕಾರ್ಡ್ ಬಂದಿದೆ. ಪ್ರವಚನ ಮುಗಿದ ಬಳಿಕ ಹತ್ತಿರ ಬಂದು ಕುಳಿತುಕೊಳ್ಳುವ ತರುಣರು, "ಶಾಸ್ತ್ರಿಗಳೇ, ಯಾವ ಕಾರ್ಡ್ ತೆಗೆದುಕೊಂಡರೆ ಒಳ್ಳೆಯದು?" ಎಂದು ಕೇಳುತ್ತಾರೆ. ಅವರ ಮನೆಯ ಆಯವ್ಯಯವನ್ನು ಅರಿಯದೆ ಇದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲ.

ನಾನು ಓದಿದ ಮಠದಲ್ಲಿ ದಾಸೋಹದ ಉಗ್ರಾಣದ ಲೆಕ್ಕವನ್ನು ವಿದ್ಯಾರ್ಥಿಗಳಾದ ನಾವೇ ಬರೆಯುತ್ತಿದ್ದೆವು. ಭಕ್ತರ ಭತ್ತ ಬರುತ್ತಿದ್ದುದು ಸುಗ್ಗಿಯ ಒಂದೆರಡು ತಿಂಗಳಲ್ಲಿ. ಪಂಕ್ತಿ ನಡೆಯುತ್ತಿದ್ದುದು ವರ್ಷದ ಎಲ್ಲ ದಿನ. ಎಷ್ಟು ಬಂತೆಂದು ಎಣಿಸುವ ಮೊದಲು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ನೋಡಬೇಕೆಂದು ಗುರುಗಳು ಹೇಳುತ್ತಿದ್ದರು. ಕಾರ್ಡಿಗೂ ನಾನು ಈ ಅಳತೆಯನ್ನೇ ಹಿಡಿಯುತ್ತೇನೆ.

ಕಾರ್ಡಿನ ಲೆಕ್ಕ ತಿಂಗಳಿನದು. ತಿಂಗಳಿಗೊಮ್ಮೆ ಬರುವ ಬಿಲ್ಲನ್ನು ಗಡುವಿನೊಳಗೆ ಪೂರ್ತಿಯಾಗಿ ಕಟ್ಟಿದವನಿಗೆ, ಕೊಂಡ ದಿನವನ್ನು ಅನುಸರಿಸಿ ಹೆಚ್ಚೆಂದರೆ 45-50 ದಿನಗಳ ಕಾಲ ಬಡ್ಡಿಯಿಲ್ಲದ ಸಾಲ ದೊರೆತಂತಾಯಿತು. ಬಾಕಿ ಉಳಿಸಿದವನಿಗೆ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75ರಷ್ಟು ಬಡ್ಡಿ ಬೀಳುತ್ತದೆ. ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಪಾವತಿ' ಎಂಬ ಮಾತು ಹಲವರನ್ನು ಮರುಳು ಮಾಡುತ್ತದೆ. 50,000 ರೂಪಾಯಿ ಬಾಕಿಯಿದೆ, ತಿಂಗಳ ಬಡ್ಡಿ ಶೇ. 3.5 ಎಂದಿಟ್ಟುಕೊಳ್ಳಿ. ಬಡ್ಡಿ 1,750 ರೂಪಾಯಿ; ಅದರ ಮೇಲೆ ಶೇ. 18ರ ಜಿಎಸ್‌ಟಿ 315 ರೂಪಾಯಿ. ಬಾಕಿಯ ಶೇ. 5ರಂತೆ 2,500 ರೂಪಾಯಿ ಕಟ್ಟಿದರೆ ಅಸಲಿಗೆ ಸಂದಾಯವಾಗುವುದು ಕೇವಲ 435 ರೂಪಾಯಿ! ಅಷ್ಟೇ ಅಲ್ಲ, ಹಳೆಯ ಬಾಕಿ ಇರುವವರೆಗೆ ಹೊಸದಾಗಿ ಕೊಂಡ ವಸ್ತುವಿಗೂ ಬಡ್ಡಿರಹಿತ ಅವಧಿ ದೊರೆಯದು.

ತೋಟದ ಮನೆಯ ಲೆಕ್ಕವಾದರೋ ವರ್ಷದ್ದು. ಜೂನಿನಲ್ಲಿ ಮಕ್ಕಳ ಶಾಲೆಯ ಶುಲ್ಕ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಮುಂದೆ ಕೊನೆಗೌಡರ ಕೂಲಿ. ಅಡಿಕೆಯ ಹಣ ಕೈಸೇರುವುದು ಇವೆಲ್ಲ ಕಳೆದ ಮೇಲೆ. ಅಂಥವರು ತೋಟದ ಖರ್ಚನ್ನು ತಿಂಗಳ ಗಡುವಿನ ಕಾರ್ಡಿನ ಮೇಲೆ ಹೊರಿಸಬಾರದು. ಅದಕ್ಕಾಗಿಯೇ 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂದಿತು. ಅದರ ಮರುಪಾವತಿಯನ್ನು ಬೆಳೆಯ ಕಾಲಕ್ಕೆ ಹೊಂದಿಸಲಾಗುತ್ತದೆ. ನಿಗದಿತ ಮಿತಿಯೊಳಗಿನ ಬೆಳೆಸಾಲಕ್ಕೆ ವಾರ್ಷಿಕ ಬಡ್ಡಿ ಶೇ. 7; ಸಕಾಲದಲ್ಲಿ ತೀರಿಸಿದವರಿಗೆ ಶೇ. 3ರ ರಿಯಾಯಿತಿ. ಎರಡಕ್ಕೂ ಕಾರ್ಡೆಂದೇ ಹೆಸರು, ಬಡ್ಡಿಯಲ್ಲಿ ಅಜಗಜಾಂತರ.

ಶಿಕ್ಷಕರು, ನೌಕರರು ಮೊದಲಾದ ತಿಂಗಳ ಸಂಬಳದವರಿಗೆ ಸಾಮಾನ್ಯ ಕ್ರೆಡಿಟ್ ಕಾರ್ಡ್ ಒಪ್ಪುತ್ತದೆ. ಅವರು ವಾರ್ಷಿಕ ಶುಲ್ಕವಿಲ್ಲದ ಕಾರ್ಡನ್ನು ಆರಿಸಿ, ಪಾವತಿಯ ಗಡುವು ಸಂಬಳದ ಬೆನ್ನಿಗೇ ಬರುವಂತೆ ನೋಡಿಕೊಳ್ಳಲಿ. ಬಿಲ್ಲಿನ ಅವಧಿಯನ್ನು ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನದಲ್ಲಿ ಗ್ರಾಹಕರಿಗೆ ಕೊಟ್ಟಿದೆ. ಕೇಳದೆ ಕಾರ್ಡ್ ಕಳುಹಿಸುವುದನ್ನೂ ಅದೇ ನಿರ್ದೇಶನ ನಿಷೇಧಿಸಿದೆ. ದಿನವೂ ಗಾಡಿಯಲ್ಲಿ ಓಡಾಡುವವರಿಗೆ ಪೆಟ್ರೋಲಿನ ಮೇಲಿನ ಹೆಚ್ಚುವರಿ ಶುಲ್ಕ ಮನ್ನಾ ಆಗುವ ಕಾರ್ಡ್ ಉಪಯುಕ್ತ. ಪೇಟೆಯ ಚಿಕ್ಕ ಅಂಗಡಿಗಳಲ್ಲೇ ಸಾಮಾನು ತರುವವರಿಗೆ, 2022ರಿಂದ ಯುಪಿಐಗೆ ಜೋಡಿಸಲು ಬರುವ ರುಪೇ ಕ್ರೆಡಿಟ್ ಕಾರ್ಡ್ ಅನುಕೂಲ. ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಆಸೆಗೆ ಸಾವಿರಾರು ರೂಪಾಯಿ ಶುಲ್ಕ ತೆರುವವರು, ನಮ್ಮ ಮೂರೂ ತಾಲ್ಲೂಕುಗಳಲ್ಲಿ ವಿಮಾನವೇ ಇಳಿಯುವುದಿಲ್ಲವೆಂಬುದನ್ನು ನೆನೆಯಲಿ. ಬಹುಮಾನದ ಅಂಕಗಳಿಗಾಗಿ ಬೇಡದ ವಸ್ತುವನ್ನು ಕೊಂಡರೆ ಲಾಭಕ್ಕಿಂತ ನಷ್ಟವೇ ಅಧಿಕ.

ಇನ್ನೆರಡು ಎಚ್ಚರಿಕೆಗಳು. ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರೆ ಶುಲ್ಕವೂ ಉಂಟು, ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿಯೂ ಉಂಟು. ಬೆಂಗಳೂರಿನಲ್ಲಿ ಓದುವ ಮಗನಿಗೋ ಮಗಳಿಗೋ ತಮ್ಮ ಖಾತೆಯ ಮೇಲೆ ಹೆಚ್ಚುವರಿ ಕಾರ್ಡ್ ಕೊಡಿಸಿದರೆ, ಅವರು ಮಾಡಿದ ಸಾಲಕ್ಕೆ ತಂದೆತಾಯಿಗಳೇ ಹೊಣೆ.

ದಿನಗೂಲಿಯವರಿಗೂ ಆದಾಯ ನಿಶ್ಚಿತವಿಲ್ಲದವರಿಗೂ ಕಾರ್ಡ್ ಇಲ್ಲದಿರುವುದೇ ಲೇಸು. ಎರಡು ವರ್ಷಕ್ಕೊಮ್ಮೆ ಬರುವ ಸಿರಸಿಯ ಮಾರಿಕಾಂಬಾ ಜಾತ್ರೆಯ ಖರ್ಚು ಮೊದಲೇ ತಿಳಿದಿರುವಂಥದು. ಅದಕ್ಕೆ ತಿಂಗಳು ತಿಂಗಳು ಇಷ್ಟಿಷ್ಟು ಕೂಡಿಡುವುದು ಸಾಧ್ಯ.

ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಸಾಲದ ಮಿತಿಯನ್ನು ಎರಡು ಲಕ್ಷಕ್ಕೆ ಏರಿಸುತ್ತೇವೆಂದು ಬ್ಯಾಂಕಿನಿಂದ ಸಂದೇಶ ಬಂದಾಗ, ಗಂಡಹೆಂಡಿರು ಒಟ್ಟಿಗೆ ಕುಳಿತು, ನಮ್ಮ ಮನೆಗೆ ಇಷ್ಟು ಬೇಕೇ ಎಂದು ಕೇಳಿಕೊಳ್ಳಲಿ. ಬೇಡವೆನ್ನುವ ಹಕ್ಕು ಗ್ರಾಹಕನದು. ಕಾರ್ಡಿಗೆ ಅರ್ಜಿ ಹಾಕುವ ಮೊದಲು ಹನ್ನೆರಡು ತಿಂಗಳ ಆದಾಯ, ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟುವಷ್ಟು ಹಣ ಆ ಹಾಳೆಯಲ್ಲಿ ಕಂಡರೆ ಮಾತ್ರ ಅರ್ಜಿಗೆ ಸಹಿ ಹಾಕಿರಿ.