ಐವತ್ತು ದಾಟಿದ ಕೈಗಳ ಆಟ

ದೇಹಬಲವೇ ಬಂಡವಾಳವಾಗಿರುವ ವೃತ್ತಿಪರ ಕ್ರೀಡೆಗಳಲ್ಲಿ ಮೂವತ್ತೈದು ದಾಟಿದವನನ್ನು ಹಿರಿಯನೆಂದೂ ನಲವತ್ತು ದಾಟಿದವನನ್ನು ಮಾಜಿಯೆಂದೂ ಕರೆಯುವುದು ರೂಢಿಯಾಗಿರುವಾಗ, ಐವತ್ತು ತುಂಬುವುದನ್ನೇ ಹೊಸ ಕಣದ ಅರ್ಹತೆಯನ್ನಾಗಿ ಮಾಡಿಕೊಂಡ ಆಟ ಗಾಲ್ಫ್. ಅಮೆರಿಕದಲ್ಲಿ 1980ರಲ್ಲಿ ಆರಂಭವಾಗಿ, ಈಗ ಪಿಜಿಎ ಟೂರ್ ಚಾಂಪಿಯನ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಹಿರಿಯರ ಸರ್ಕ್ಯೂಟ್‌ನಲ್ಲಿ ಐವತ್ತು ತುಂಬದವರಿಗೆ ಪ್ರವೇಶವಿಲ್ಲ. ಸರ್ಕ್ಯೂಟ್ ಎಂದರೆ ವರ್ಷವಿಡೀ ಊರಿಂದೂರಿಗೆ ಸಾಗುವ ಪಂದ್ಯಾವಳಿಗಳ ಸರಪಳಿ. ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಹಾಕುತ್ತ ಬದುಕಿದ ವೃತ್ತಿ ನಾಟಕ ಕಂಪನಿಗಳನ್ನು ಕಂಡ ಉತ್ತರ ಕರ್ನಾಟಕದವರಿಗೆ ಈ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರತಿ ಕ್ಯಾಂಪಿನಲ್ಲಿಯೂ ಅದೇ ಪಾತ್ರ, ಅದೇ ಬಣ್ಣ, ಆದರೆ ಬೇರೆ ನೆಲ, ಬೇರೆ ಗಾಳಿ. ಗಲ್ಲಾಪೆಟ್ಟಿಗೆ ತುಂಬಿದರೆ ಮಾತ್ರ ನಟನಿಗೆ ಸಂಬಳವಾಗುತ್ತಿದ್ದಂತೆ, ಇಲ್ಲಿಯೂ ಆಡಿ ಗಳಿಸಿದರೆ ಮಾತ್ರ ಆಟಗಾರನಿಗೆ ಹಣ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಸುತ್ತಲಿನ ಗೋವಿನಜೋಳ ಮತ್ತು ಹತ್ತಿಯ ಹೊಲಗಳ ಸೀಮೆಗೆ ಗಾಲ್ಫ್ ಬರುವುದು ಟಿವಿಯ ಮೂಲಕ, ಅದೂ ಊರು ಮಲಗಿದ ಮೇಲೆ. ಆದರೂ ಈ ಆಟವನ್ನು ಸವಿಯಲು ಬೇಕಾದ ಸಂಸ್ಕಾರ ಇಲ್ಲಿನ ನೆಲದಲ್ಲಿ ಇದ್ದೇ ಇದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಗೊಟಗೋಡಿಯಲ್ಲಿಯೇ; ಹಳ್ಳಿಯ ಕಸುಬು ಮತ್ತು ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿರುವ ಉತ್ಸವ್ ರಾಕ್ ಗಾರ್ಡನ್ ಕೂಡ ಇಲ್ಲಿಯೇ ಇದೆ. ಕಸುಬಿನವನನ್ನು ಅವನ ವಯಸ್ಸಿನಿಂದ ಅಳೆಯದೆ ಕೈಯಿಂದ ಅಳೆಯುವುದು, ಅಂದರೆ ‘ಕೈ ಪಳಗಿದೆ’, ‘ಕೈ ಕೂಡಿದೆ’, ‘ಹದ ತಿಳಿದ ಕೈ’ ಎಂದು ಮಾತಾಡುವುದು ಈ ಭಾಗದ ಜನರ ಹಳೆಯ ಅಭ್ಯಾಸ. ಹಿರಿಯರ ಗಾಲ್ಫನ್ನು ನೋಡುವುದಕ್ಕೆ ಇದಕ್ಕಿಂತ ಸರಿಯಾದ ಅಳತೆಗೋಲು ಬೇರೊಂದಿಲ್ಲ.

ಆಟದ ಚೌಕಟ್ಟು ಸರಳವಾದುದು. ಹೆಚ್ಚೆಂದರೆ ನಲವತ್ತಾರು ಗ್ರಾಮ್ ತೂಗುವ ಚೆಂಡನ್ನು, ಗರಿಷ್ಠ ಹದಿನಾಲ್ಕು ಕೋಲುಗಳ ನೆರವಿನಿಂದ, ನೂರಾರು ಗಜ ದೂರದಲ್ಲಿರುವ ನಾಲ್ಕೂಕಾಲು ಅಂಗುಲ ವ್ಯಾಸದ ಕುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸಬೇಕು. ಈ ಕೋಲುಗಳನ್ನು ಕ್ಲಬ್ ಎನ್ನುತ್ತಾರೆ. ಇಂಥ ಹದಿನೆಂಟು ಕುಳಿಗಳಿಗೆ ಒಂದು ಸುತ್ತು. ಗೋಲಿಗುಂಡನ್ನು ಬೆರಳಿನಿಂದ ಚಿಮ್ಮಿ ನೆಲದ ಕುಳಿಗೆ ಬೀಳಿಸುವ ಮಕ್ಕಳಾಟವನ್ನು ಬಲ್ಲವರಿಗೆ ಇದರ ಕೊನೆಯ ಅಂಕ ಚಿರಪರಿಚಿತ. ಕುಳಿಯ ಸುತ್ತ ಹುಲ್ಲನ್ನು ಜಮಖಾನದಂತೆ ನುಣ್ಣಗೆ ಕತ್ತರಿಸಿರುವ ಜಾಗಕ್ಕೆ ಗ್ರೀನ್ ಎಂದೂ, ಅಲ್ಲಿ ಚೆಂಡನ್ನು ಹಾರಿಸದೆ ಉರುಳಿಸುವ ಹೊಡೆತಕ್ಕೆ ಪಟ್ ಎಂದೂ, ಅದಕ್ಕೆ ಬಳಸುವ ಕೋಲಿಗೆ ಪಟ್ಟರ್ ಎಂದೂ ಹೆಸರು. ನುರಿತ ಆಟಗಾರನೊಬ್ಬನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆ ಪಾರ್. ಸಾಮಾನ್ಯವಾಗಿ ಒಂದು ಸುತ್ತಿಗೆ ಇದು ಎಪ್ಪತ್ತೆರಡರ ಆಸುಪಾಸಿನಲ್ಲಿರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಪ್ರತಿ ಕುಳಿಗೂ ಎರಡು ಪಟ್‌ಗಳಂತೆ ಈ ಎಪ್ಪತ್ತೆರಡರಲ್ಲಿ ಮೂವತ್ತಾರು, ಅಂದರೆ ಸರಿಯಾಗಿ ಅರ್ಧ, ತೋಳ್ಬಲಕ್ಕೆ ಕಾಸಿನ ಬೆಲೆಯೂ ಇಲ್ಲದ ಈ ಸಣ್ಣ ಹೊಡೆತಗಳಿಗೇ ಮೀಸಲು. ವಯಸ್ಸಾದಂತೆ ಮೊದಲ ಹೊಡೆತದ ದೂರ ಕುಗ್ಗುತ್ತದೆ. ಆದರೆ ಆಟದ ಉಳಿದರ್ಧದಲ್ಲಿ ಇಪ್ಪತ್ತೈದರವನಿಗೂ ಅರವತ್ತೈದರವನಿಗೂ ನೆಲ ಒಂದೇ, ಇಳಿಜಾರು ಒಂದೇ. ಹಿರಿಯರ ಸರ್ಕ್ಯೂಟ್ ನಿಂತಿರುವುದು ಈ ಲೆಕ್ಕದ ಮೇಲೆ.

ಕರ್ನಾಟಕಕ್ಕೂ ಈ ಪರಂಪರೆಗೂ ಒಂದು ನೇರವಾದ ನಂಟಿದೆ. 1876ರಷ್ಟು ಹಿಂದೆಯೇ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾಗಿತ್ತಾದರೂ, ಈ ನಂಟಿಗೆ ಕಾರಣವಾದದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ. ಅದನ್ನು ವಿನ್ಯಾಸಗೊಳಿಸಿದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 1954ರಿಂದ 1965ರ ಅವಧಿಯಲ್ಲಿ ಬ್ರಿಟಿಷ್ ಓಪನ್ನನ್ನು ಐದು ಬಾರಿಯೂ, ಇಂಡಿಯನ್ ಓಪನ್ನನ್ನು 1964ರ ಮೊದಲ ಆವೃತ್ತಿಯೂ ಸೇರಿದಂತೆ ಮೂರು ಬಾರಿಯೂ ಗೆದ್ದ ಥಾಮ್ಸನ್, ಐವತ್ತೈದರ ಆಸುಪಾಸಿನಲ್ಲಿ, 1985ರ ಒಂದೇ ವರ್ಷದಲ್ಲಿ, ಅಮೆರಿಕದ ಹಿರಿಯರ ಸರ್ಕ್ಯೂಟ್‌ನಲ್ಲಿ ಒಂಬತ್ತು ಪಂದ್ಯಾವಳಿಗಳನ್ನು ಗೆದ್ದರು. ನೆಲದ ಏರಿಳಿತವನ್ನು ಕಣ್ಣಳತೆಯಲ್ಲಿ ಓದಬಲ್ಲವನೇ ಹಿರಿತನದಲ್ಲಿಯೂ ಗೆಲ್ಲುತ್ತಾನೆ, ಅಂಥವನೇ ಒಳ್ಳೆಯ ಮೈದಾನವನ್ನೂ ಕಟ್ಟುತ್ತಾನೆ ಎಂಬುದಕ್ಕೆ ಬೆಂಗಳೂರಿನ ಆ ಹಸಿರೇ ಸಾಕ್ಷಿ ಎನ್ನಬೇಕು. ಬೆಂಗಳೂರಿನವರೇ ಆದ ಸಿ. ಮುನಿಯಪ್ಪ ಮೊದಲು ಕ್ಯಾಡಿಯಾಗಿದ್ದವರು. ಆಟಗಾರನ ಕೋಲುಗಳ ಚೀಲವನ್ನು ಹೊತ್ತು, ದೂರವನ್ನೂ ಇಳಿಜಾರನ್ನೂ ಹೇಳಿಕೊಡುವ ಸಹಾಯಕನಿಗೆ ಕ್ಯಾಡಿ ಎನ್ನುತ್ತಾರೆ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ನನ್ನು ಗೆದ್ದಾಗ, ಚೀಲ ಹೊರುತ್ತ ಕಲಿತ ವಿದ್ಯೆ ಎಷ್ಟು ಗಟ್ಟಿಯಾದುದೆಂಬುದು ನಾಡಿಗೆ ತಿಳಿಯಿತು.

ಇದೇ ಬಗೆಯ ಕಲಿಕೆಯಿಂದ ಬಂದು, ಹಿರಿಯರ ಸರ್ಕ್ಯೂಟ್‌ನ ಇತಿಹಾಸವನ್ನೇ ತಮ್ಮ ಹೆಸರಿಗೆ ಬರೆಸಿಕೊಂಡವರು ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್. 1957ರ ಆಗಸ್ಟ್ 27ರಂದು ಬವೇರಿಯಾ ಪ್ರಾಂತ್ಯದ ಆನ್‌ಹೌಸನ್ ಎಂಬ ಹಳ್ಳಿಯಲ್ಲಿ, ಇಟ್ಟಿಗೆ ಕಟ್ಟುವ ಗಾರೆಯವರ ಮನೆಯಲ್ಲಿ ಹುಟ್ಟಿದ ಅವರು, ಎಳವೆಯಲ್ಲಿಯೇ ಹತ್ತಿರದ ಕ್ಲಬ್ಬಿನಲ್ಲಿ ಚೀಲ ಹೊರಲು ನಿಂತು, ಹದಿನೈದನೆಯ ವಯಸ್ಸಿನಲ್ಲಿ, 1972ರಲ್ಲಿ, ಗಾಲ್ಫನ್ನೇ ವೃತ್ತಿಯಾಗಿ ಆರಿಸಿಕೊಂಡರು. ಅಮೆರಿಕದ ಅಗಸ್ಟಾದಲ್ಲಿ ನಡೆಯುವ ಪ್ರತಿಷ್ಠಿತ ಮಾಸ್ಟರ್ಸ್ ಪಂದ್ಯಾವಳಿಯನ್ನು 1985 ಮತ್ತು 1993ರಲ್ಲಿ ಗೆದ್ದರು. 1986ರಲ್ಲಿ ವಿಶ್ವ ರ‍್ಯಾಂಕಿಂಗ್ ಪಟ್ಟಿ ಮೊದಲ ಬಾರಿಗೆ ಪ್ರಕಟವಾದಾಗ ಅದರ ಮೊದಲ ಸ್ಥಾನದಲ್ಲಿದ್ದರು. ಇಷ್ಟೇ ಆಗಿದ್ದರೆ ಲ್ಯಾಂಗರ್ ಅನೇಕ ದೊಡ್ಡ ಆಟಗಾರರಲ್ಲಿ ಒಬ್ಬರೆನಿಸುತ್ತಿದ್ದರು. ಅವರ ವೃತ್ತಿಜೀವನವನ್ನು ಸವಿದು ನೋಡಬೇಕಾದ ಕಾರಣ ಬೇರೆಯೇ ಇದೆ: ಅವರ ಕೈ ಒಂದಕ್ಕಿಂತ ಹೆಚ್ಚು ಬಾರಿ ಅವರನ್ನು ಬಿಟ್ಟುಹೋಯಿತು, ಹಾಗೆ ಹೋದಾಗಲೆಲ್ಲ ಅವರು ಹೊಸದೊಂದು ಕೈಯನ್ನು ಕಟ್ಟಿಕೊಂಡರು.

ಗಾಲ್ಫಿನಲ್ಲಿ ಯಿಪ್ಸ್ ಎಂಬ ಒಂದು ವ್ಯಾಧಿಯಿದೆ. ನೂರಾರು ಗಜ ದೂರಕ್ಕೆ ಚೆಂಡನ್ನು ನಿರಾಯಾಸವಾಗಿ ಹೊಡೆಯುವ ಕೈ, ಮೂರು ಅಡಿ ದೂರದ ಕುಳಿಯ ಮುಂದೆ ನಿಂತಾಗ ತಾನಾಗಿ ಅದುರಿ, ಕೊನೆಯ ಕ್ಷಣದಲ್ಲಿ ಪಟ್ಟರನ್ನು ಎಳೆದುಬಿಡುತ್ತದೆ. ಮನಸ್ಸು ಹೇಳಿದ್ದನ್ನು ಬೆರಳು ಕೇಳುವುದಿಲ್ಲ. ಬರೆಯುವವರ ಬೆರಳು ಲೇಖನಿ ಹಿಡಿದೊಡನೆ ಸೆಟೆದುಕೊಳ್ಳುವ ತೊಂದರೆಗೂ, ವಾದ್ಯಗಾರರ ಕೈಗೆ ಬರುವ ಇಂಥದೇ ತೊಡಕಿಗೂ ಇದು ಸಂಬಂಧಿಯೆಂದು ವೈದ್ಯರು ಹೇಳುತ್ತಾರೆ. ಆತಂಕವೂ ಸೇರಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಬಹಳ ಮಂದಿ ಆಟಗಾರರ ವೃತ್ತಿ ಇದರಿಂದಲೇ ಮುಗಿದಿದೆ. ಲ್ಯಾಂಗರ್ ಇದನ್ನು ಒಮ್ಮೆಯಲ್ಲ, ಹಲವು ಬಾರಿ ಅನುಭವಿಸಿದರು. ಮೊದಲು ಎಡಗೈಯನ್ನು ಬಲಗೈಯ ಕೆಳಗೆ ತಂದು ಹಿಡಿತವನ್ನು ತಿರುವುಮುರುವು ಮಾಡಿದರು. ಅದೂ ಕೈಕೊಟ್ಟಾಗ ಪಟ್ಟರಿನ ಹಿಡಿಕೆಯನ್ನು ಎಡಗೈಯ ಮುಂದೋಳಿಗೆ ಒತ್ತಿ, ಕೋಲನ್ನೂ ತೋಳನ್ನೂ ಸೇರಿಸಿ ಬಲಗೈಯಿಂದ ಬಿಗಿಹಿಡಿದರು. ಮುರಿದ ಕೈಗೆ ದಬ್ಬೆ ಕಟ್ಟಿದಂತೆ ಕಾಣುತ್ತಿದ್ದ ಆ ವಿಚಿತ್ರ ಹಿಡಿತದಲ್ಲಿಯೇ ಅವರು 1993ರ ಮಾಸ್ಟರ್ಸನ್ನು ಗೆದ್ದರು. ನಂತರದ ವರ್ಷಗಳಲ್ಲಿ ಎದೆಮಟ್ಟಕ್ಕೆ ಬರುವ ಉದ್ದನೆಯ ಪಟ್ಟರಿಗೆ ಮೊರೆಹೋದರು. 2016ರಿಂದ ಪಟ್ಟರಿನ ತುದಿಯನ್ನು ದೇಹಕ್ಕೆ ಊರಿ ಹೊಡೆಯುವುದನ್ನು ನಿಯಮ ನಿಷೇಧಿಸಿದಾಗ, ಅದೇ ಉದ್ದನೆಯ ಕೋಲನ್ನು ಎದೆಗೆ ತಾಗಿಸದೆ, ಅಂತರ ಬಿಟ್ಟು ಹಿಡಿಯುವುದನ್ನು ರೂಢಿಸಿಕೊಂಡರು. ಆಗ ಅವರ ವಯಸ್ಸು ಐವತ್ತೆಂಟು.

ಈ ಕಥನವನ್ನು ಓದುವ ಹಾನಗಲ್ಲು ಸೀಮೆಯವರಿಗೆ ಗಾಯಕಿ ಗಂಗೂಬಾಯಿ ಹಾನಗಲ್ಲರ ನೆನಪಾಗದೆ ಇರದು. 1930ರ ದಶಕದ ಆರಂಭದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವುದು ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಆ ದನಿ ಹೋಗಿ, ಗಂಡುದನಿಯಂತೆ ಭಾರವಾದ ಬೇರೊಂದು ಕಂಠ ಉಳಿಯಿತು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಎದುರು ಕುಳಿತು ಕಲಿತ ವಿದ್ಯೆಯನ್ನು ಅವರು ಆ ಹೊಸ ಕಂಠಕ್ಕೆ ಹೊಂದಿಸಿ, ಅದರ ಭಾರವನ್ನೇ ಗಾಂಭೀರ್ಯವಾಗಿಸಿ, 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಕೊನೆಯ ಕಛೇರಿ ನೀಡಿದರು. ಸಂಗೀತಕ್ಕೂ ಗಾಲ್ಫಿಗೂ ಹೋಲಿಕೆಯೇ ಎಂದು ಯಾರಾದರೂ ಹುಬ್ಬೇರಿಸಬಹುದು. ಹೋಲಿಕೆ ಇರುವುದು ಕಲೆಗಳಲ್ಲಲ್ಲ, ಕಸುಬುದಾರರಲ್ಲಿ: ಉಪಕರಣ ಕೆಟ್ಟಿತೆಂದು ವಿದ್ಯೆಯನ್ನು ಕೈಬಿಡದೆ, ಕೆಟ್ಟ ಉಪಕರಣದೊಂದಿಗೆ ಮತ್ತೆ ಮೊದಲಿನಿಂದ ತಾಲೀಮಿಗೆ ಕುಳಿತವರು ಇಬ್ಬರೂ.

ಲ್ಯಾಂಗರ್ ಅವರ ಬದುಕಿನಲ್ಲಿ ಬಹಳ ಸಲ ಉಲ್ಲೇಖವಾಗುವ ಘಟನೆಗಳೆರಡು. ಮೊದಲನೆಯದು 1981ರಲ್ಲಿ ಇಂಗ್ಲೆಂಡಿನ ಫುಲ್ಫರ್ಡ್‌ನಲ್ಲಿ ನಡೆದುದು. ಮರದ ಕೊಂಬೆಗಳ ನಡುವೆ ಸಿಕ್ಕಿಕೊಂಡ ಚೆಂಡನ್ನು ಅವರು ಮರವೇರಿ ನಿಂತು ಗ್ರೀನಿಗೆ ಹೊಡೆದರು. ಎರಡನೆಯದು ನೋವಿನದು. ಅಮೆರಿಕ ಮತ್ತು ಯೂರೋಪ್ ತಂಡಗಳು ಎರಡು ವರ್ಷಕ್ಕೊಮ್ಮೆ ಎದುರುಬದುರಾಗುವ ರೈಡರ್ ಕಪ್ಪಿನಲ್ಲಿ, 1991ರಲ್ಲಿ, ಕಿಯಾವಾ ದ್ವೀಪದ ಕಡಲಂಚಿನ ಮೈದಾನದಲ್ಲಿ, ಇಡೀ ಸ್ಪರ್ಧೆಯ ಫಲಿತಾಂಶ ಕೊನೆಯ ಜೋಡಿಯ ಕೊನೆಯ ಕುಳಿಗೆ ಬಂದು ನಿಂತಿತು. ಲ್ಯಾಂಗರ್ ಅವರ ಆರು ಅಡಿಯ ಪಟ್ ಕುಳಿಯ ಅಂಚಿನಿಂದ ಸರಿದುಹೋಗಿ, ಯೂರೋಪ್ ಸೋತಿತು. ಯಿಪ್ಸ್‌ನಿಂದ ನರಳಿ ಎದ್ದವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಊಹಿಸುವುದು ಕಷ್ಟ. ಮರುವಾರವೇ ಅವರು ಜರ್ಮನಿಯಲ್ಲಿ, ಕೊನೆಯ ಕುಳಿಯಲ್ಲಿ ಅದಕ್ಕಿಂತ ಉದ್ದನೆಯ ಪಟ್ ಹಾಕಿ ಸಮಬಲ ಸಾಧಿಸಿ, ಪ್ಲೇಆಫ್‌ನಲ್ಲಿ ಪಂದ್ಯಾವಳಿಯನ್ನು ಗೆದ್ದರು. ಪ್ಲೇಆಫ್ ಎಂದರೆ ಸಮಬಲವಾದವರ ನಡುವೆ ನಡೆಯುವ ಹೆಚ್ಚುವರಿ ಆಟ.

ಕಿಯಾವಾದಲ್ಲಿ ಅಂದು ಎದುರಾಳಿಯಾಗಿದ್ದವರು ಅಮೆರಿಕದ ಹೇಲ್ ಅರ್ವಿನ್. ಹಿರಿಯರ ಸರ್ಕ್ಯೂಟ್‌ನಲ್ಲಿ ನಲವತ್ತೈದು ಗೆಲುವುಗಳ ದಾಖಲೆಯನ್ನು ಸ್ಥಾಪಿಸಿ, ಯಾರೂ ಮುಟ್ಟಲಾರದ ಎತ್ತರವೆಂಬ ಭಾವನೆಯನ್ನು ಮೂಡಿಸಿದವರೂ ಅವರೇ. 2007ರಲ್ಲಿ ಐವತ್ತು ತುಂಬಿದ ಕೂಡಲೇ ಈ ಕಣಕ್ಕಿಳಿದ ಲ್ಯಾಂಗರ್, ಅಂದಿನಿಂದ 2024ರವರೆಗೆ ಒಂದು ಋತುವನ್ನೂ ಬರಿಗೈಯಲ್ಲಿ ಕಳೆಯಲಿಲ್ಲ. 2010ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಸೀನಿಯರ್ ಓಪನ್ನನ್ನೂ ಮುಂದಿನ ವಾರವೇ ಅಮೆರಿಕದ ಪಶ್ಚಿಮ ತೀರದಲ್ಲಿ ಯು.ಎಸ್. ಸೀನಿಯರ್ ಓಪನ್ನನ್ನೂ ಗೆದ್ದರು. 2023ರ ಜುಲೈ ತಿಂಗಳಿನಲ್ಲಿ ವಿಸ್ಕಾನ್ಸಿನ್ನಿನಲ್ಲಿ ನಡೆದ ಯು.ಎಸ್. ಸೀನಿಯರ್ ಓಪನ್ನಿನಲ್ಲಿ, ಅದೇ ರಾಜ್ಯದ ಮಗನಾದ ಸ್ಟೀವ್ ಸ್ಟ್ರಿಕರ್ ಅವರನ್ನು ಹಿಂದಿಕ್ಕಿ ನಲವತ್ತಾರನೆಯ ಗೆಲುವನ್ನು ಪಡೆದಾಗ, ಅವರಿಗೆ ಅರವತ್ತಾರು ತುಂಬಲು ಎರಡು ತಿಂಗಳಿಗಿಂತ ಕಡಿಮೆ ಅವಧಿ ಉಳಿದಿತ್ತು. ಮೂವತ್ತೆರಡು ವರ್ಷಗಳ ಹಿಂದೆ ಯಾರ ಮುಂದೆ ಆರು ಅಡಿಯ ಪಟ್ ತಪ್ಪಿತ್ತೋ ಅವರ ದಾಖಲೆಯೇ ಮುರಿದದ್ದು ಕಾಕತಾಳೀಯವಿರಬಹುದು. ಆದರೂ ಆಟಪ್ರಿಯರ ಮನಸ್ಸು ಅದನ್ನು ಬರಿಯ ಕಾಕತಾಳೀಯವೆಂದು ಒಪ್ಪಲು ತಯಾರಿಲ್ಲ.

ಹಿರಿಯರ ಪಂದ್ಯಾವಳಿಗಳು ಬಹುಪಾಲು ನಾಲ್ಕರ ಬದಲು ಮೂರು ಸುತ್ತುಗಳವು. ಕೆಲವನ್ನು ಬಿಟ್ಟರೆ ಉಳಿದವುಗಳಲ್ಲಿ ಮೈದಾನದಲ್ಲಿ ನಡೆಯುವ ಬದಲು ಬಂಡಿಯ ಸವಾರಿಗೂ ಅನುಮತಿಯಿದೆ. ಇವನ್ನು ಮುಂದೆ ಮಾಡಿ ಈ ಸರ್ಕ್ಯೂಟನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ನೋಡುವವನಿಗೆ ಇಲ್ಲಿ ಸಿಗುವ ರಸ ಯುವಕರ ಆಟದಲ್ಲಿ ಸಿಗದು. ಯುವಕನ ಹೊಡೆತ ಆಕಾಶಕ್ಕೆ ಚಿಮ್ಮಿದಾಗ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಕೈ ಕಾಣುವುದೇ ಇಲ್ಲ. ಹಿರಿಯನ ಆಟದಲ್ಲಿ ಕಾಣುವುದೇ ಕೈ: ಹುಲ್ಲಿನ ಎಸಳು ಯಾವ ಕಡೆಗೆ ಬಾಗಿದೆಯೆಂದು ಬಗ್ಗಿ ನೋಡುವುದು, ಹೊಡೆಯುವ ಮುನ್ನ ಚೆಂಡು ಸಾಗಬೇಕಾದ ದಾರಿಯನ್ನು ಕಣ್ಣಿನಲ್ಲಿ ಎರಡು ಸಲ ನಡೆದು ಬರುವುದು, ಐದನೆಯ ನಂಬರಿನ ಕೋಲು ಸಾಲದೆಂದು ಯಾವ ಸಂಕೋಚವೂ ಇಲ್ಲದೆ ಇನ್ನೂ ದೂರಕ್ಕೆ ಹೊಡೆಯುವ ನಾಲ್ಕನೆಯದನ್ನು ಎತ್ತಿಕೊಳ್ಳುವುದು. ಗರಡಿಯ ಹಳೆಯ ಉಸ್ತಾದ ಅಖಾಡದ ಕೆಮ್ಮಣ್ಣಿಗಿಳಿದು ಹುಡುಗನ ಬಲವನ್ನು ಎದುರಿಸದೆ, ಆ ಬಲಕ್ಕೇ ದಾರಿ ಬಿಟ್ಟು ಅವನನ್ನು ಮಗುಚುವಾಗ ಸುತ್ತ ಕುಳಿತವರ ಬಾಯಿಂದ ಹೊರಡುವ ಮೆಲುವಾದ ‘ಭಲೇ’ ಇಲ್ಲಿಯೂ ಸಲ್ಲಬೇಕು.

2024ರ ಫೆಬ್ರುವರಿಯಲ್ಲಿ ಪಿಕಲ್‌ಬಾಲ್ ಆಡುತ್ತಿದ್ದಾಗ ಲ್ಯಾಂಗರ್ ಅವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಟೆನ್ನಿಸ್ಸನ್ನು ಹೋಲುವ ಆ ಆಟವನ್ನು ಸಣ್ಣ ಅಂಗಳದಲ್ಲಿ ಹಲಗೆಯಂಥ ಬ್ಯಾಟಿನಿಂದ ಆಡುತ್ತಾರೆ. ಅರವತ್ತಾರರ ವಯಸ್ಸಿನಲ್ಲಿ ಇಂಥ ಗಾಯವಾದವನು ಮನೆಯಲ್ಲಿ ಕುಳಿತರೆ ಯಾರೂ ಆಡಿಕೊಳ್ಳುವುದಿಲ್ಲ. ಅವರು ಸುಮಾರು ಮೂರು ತಿಂಗಳಲ್ಲಿ ಕಣಕ್ಕೆ ಮರಳಿದರು. ಆ ವರ್ಷದ ಕೊನೆಯ ಪಂದ್ಯಾವಳಿಯಾಗಿ ನವೆಂಬರಿನಲ್ಲಿ ಫೀನಿಕ್ಸ್‌ನಲ್ಲಿ ನಡೆದ ಸ್ಪರ್ಧೆಯ ಕೊನೆಯ ಸುತ್ತನ್ನು, ತಮ್ಮ ವಯಸ್ಸಿಗಿಂತ ಒಂದು ಕಡಿಮೆ, ಅಂದರೆ ಅರವತ್ತಾರು ಹೊಡೆತಗಳಲ್ಲಿ ಮುಗಿಸಿದರು. ಕೊನೆಯ ಕುಳಿಯಲ್ಲಿ, ಎದೆಗೆ ತಾಗದಂತೆ ಹಿಡಿದ ಆ ಉದ್ದನೆಯ ಪಟ್ಟರಿನಿಂದ, ಸುಮಾರು ಮೂವತ್ತು ಅಡಿ ದೂರದಿಂದ ಉರುಳಿಸಿದ ಚೆಂಡು ಕುಳಿಯೊಳಗೆ ಬಿದ್ದು ನಲವತ್ತೇಳನೆಯ ಗೆಲುವು ಕೈಸೇರಿತು.

ಐದು ತಿಂಗಳ ಬಳಿಕ, 2025ರ ಏಪ್ರಿಲ್‌ನಲ್ಲಿ, ಅಗಸ್ಟಾದಲ್ಲಿ ಅವರು ತಮ್ಮ ಕೊನೆಯ ಮಾಸ್ಟರ್ಸನ್ನು ಆಡಿದರು. ಇದು ಹಿರಿಯರ ಪಂದ್ಯವಲ್ಲ. ಮೊಮ್ಮಕ್ಕಳ ವಯಸ್ಸಿನವರೂ ಇದ್ದ, ಅವರಿಗಿಂತ ಎಷ್ಟೋ ದೂರ ಹೊಡೆಯುವವರೇ ತುಂಬಿದ್ದ ಕಣ. ಎರಡು ಸುತ್ತುಗಳ ನಂತರ ಹಿಂದುಳಿದವರನ್ನು ಕೈಬಿಡುವ ಗಡಿಗೆ ಕಟ್ ಎನ್ನುತ್ತಾರೆ. ಅರವತ್ತೇಳರ ಲ್ಯಾಂಗರ್ ಎರಡನೆಯ ದಿನದ ಹದಿನೆಂಟನೆಯ ಗ್ರೀನಿಗೆ ಬಂದಾಗ, ಎದುರಿಗಿದ್ದ ಪಟ್ ಬಿದ್ದರೆ ಆ ಗಡಿಯ ಒಳಗೆ, ತಪ್ಪಿದರೆ ಹೊರಗೆ ಎಂಬ ಸ್ಥಿತಿಯಿತ್ತು. ಪಟ್ ತಪ್ಪಿತು, ಒಂದೇ ಹೊಡೆತದ ಅಂತರದಿಂದ ಅವರು ಹೊರಗುಳಿದರು. ಸುತ್ತ ನೆರೆದಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.