ರೋಮಾಪುರದ ಪತ್ರಿಕೆಯನ್ನೂ ಓದೋಣ

ಸಭೆಯಲ್ಲಿ ಹೆಂಗಸರು ಉಪದೇಶ ಮಾಡಕೂಡದು ಎನ್ನುವವರು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೇ ಅಧ್ಯಾಯವನ್ನು ಮುಂದಿಡುತ್ತಾರೆ. ಸರಿ, ಆ ಮಾತು ಅಲ್ಲಿದೆ. ಆದರೆ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೇ ಅಧ್ಯಾಯವೂ ಅದೇ ಬೈಬಲ್ಲಿನಲ್ಲಿದೆಯಲ್ಲ! ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು ಗೌರವದಿಂದ ಬರಮಾಡಿಕೊಳ್ಳಿ ಎಂದು ಅವನೇ ಕೇಳಿಕೊಳ್ಳುತ್ತಾನೆ. ತನಗಾಗಿ ಜೀವ ಪಣಕ್ಕಿಟ್ಟ ದಂಪತಿಯನ್ನು ನೆನೆಯುವಾಗ ಹೆಂಡತಿ ಪ್ರಿಸ್ಕಳ ಹೆಸರನ್ನು ಮೊದಲು ಬರೆಯುತ್ತಾನೆ. ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು. ಇನ್ನು, ಯೇಸು ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯ.

ಕಥೋಲಿಕ ಸಭೆ ಸ್ತ್ರೀಯರಿಗೆ ಗುರುದೀಕ್ಷೆ ಕೊಡುವುದಿಲ್ಲ. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಖಚಿತವಾಗಿ ಹೇಳಿದರು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) 1976ರಲ್ಲೇ ಸ್ತ್ರೀಯರಿಗೆ ದೀಕ್ಷೆ ಕೊಟ್ಟಿತು. ಆದರೂ ಮೊದಲ ಮಹಿಳಾ ಬಿಷಪ್, ನಂದ್ಯಾಲದ ಪುಷ್ಪಲಲಿತಾ ಅವರನ್ನು ಕಾಣಲು 2013ರವರೆಗೆ ಕಾಯಬೇಕಾಯಿತು. ನಿಯಮ ಬದಲಾದ ಮೇಲೂ 37 ವರ್ಷ! ಇದು ನನ್ನನ್ನು ತುಂಬ ನೋಯಿಸುತ್ತದೆ.

ಹೆಣ್ಣುಮಕ್ಕಳು ಮಂಗಳೂರು, ಬೆಂಗಳೂರಿನ ಥಿಯೋಲಾಜಿಕಲ್ ಕಾಲೇಜುಗಳಲ್ಲಿ ಗಂಡಸರ ಪಕ್ಕದಲ್ಲೇ ಕೂತು ಅದೇ ಪಾಠ ಓದುತ್ತಾರೆ, ಅದೇ ಪರೀಕ್ಷೆ ಬರೆಯುತ್ತಾರೆ. ಊರಿಗೆ ಬಂದರೆ ಎಷ್ಟೋ ಕಡೆ ಅವರಿಗೆ ಸಿಗುವುದು ಸಂಡೇ ಸ್ಕೂಲ್ ಮತ್ತು ಸ್ತ್ರೀಯರ ಕೂಟ. ಅವೂ ದೊಡ್ಡ ಸೇವೆಗಳೇ, ಸಂಶಯವಿಲ್ಲ. ಆದರೆ ಕರ್ತನ ಭೋಜನದ ಮೇಜಿನ ಮುಂದೆ ನಿಲ್ಲಲು ಕರೆ ಪಡೆದವರನ್ನು ಅಲ್ಲಿಗಷ್ಟೇ ನಿಲ್ಲಿಸುವುದು ಅನ್ಯಾಯ. ಮುಂದಿನ ವರ್ಗಾವಣೆ ಪಟ್ಟಿಯಲ್ಲಿ ನಿಮ್ಮ ಸಭೆಗೆ ಮಹಿಳಾ ಸಭಾಪಾಲಕರ ಹೆಸರು ಬಂದರೆ, ಕಮಿಟಿಯವರೇ, ದಯವಿಟ್ಟು ಬೇಡ ಎಂದು ಬಿಷಪ್ ಬಳಿ ಹೋಗಬೇಡಿ.