ಎಣ್ಣಿ ಹೊಡೆಯುವವನ ಪರವಾನಗಿ

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಡೆ ಕೀಟನಾಶಕವನ್ನು ವಿಷ ಎಂದು ಕರೆಯುವವರು ಕಡಿಮೆ. ಪೇಟೆಯವರ ಬಾಯಲ್ಲಿ ಅದು ಔಷಧಿ, ಹೊಲದವರ ಬಾಯಲ್ಲಿ ಎಣ್ಣಿ. ಔಷಧಿ ಎಂದರೆ ರೋಗ ವಾಸಿ ಮಾಡುವಂಥದು. ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವಂಥದು. ಹೆಸರೇ ಇಷ್ಟು ಸಾಧುವಾಗಿರುವಾಗ ಹೆದರುವವರು ಯಾರು?

ಕುರುಗೋಡಿನ ಹತ್ತಿರದ ಹಳ್ಳಿಯ ಆ ಮನುಷ್ಯನೂ ಹೆದರಿದವನಲ್ಲ. ಸ್ವಂತ ಹೊಲವಿಲ್ಲ. ಇಪ್ಪತ್ತು ವರ್ಷಗಳಿಂದ ಬೆನ್ನಿಗೆ ಪಂಪು ಕಟ್ಟಿಕೊಂಡು ಕಂಡವರ ಹೊಲಗಳಿಗೆ ಎಣ್ಣಿ ಹೊಡೆಯುವುದೇ ಕಸುಬು. ಸಿರುಗುಪ್ಪದ ಕಡೆಯ ಭತ್ತಕ್ಕೆ ಜಿಗಿಹುಳು ಬಿದ್ದರೂ ಕರೆ, ಕುರುಗೋಡು ಸೀಮೆಯ ಮೆಣಸಿನ ಗಿಡಕ್ಕೆ ನುಸಿ ಬಿದ್ದರೂ ಕರೆ. ಕೂಲಿ ಕ್ಯಾನಿನ ಲೆಕ್ಕ. ಹೊಡೆದಷ್ಟೂ ದುಡ್ಡು. ಆದ್ದರಿಂದ ಬಿಸಿಲು ಏರಿತೆಂದೋ ಗಾಳಿ ತಿರುಗಿತೆಂದೋ ನಿಲ್ಲಿಸುವ ಮಾತಿಲ್ಲ. ಮೈಮೇಲೆ ಅರ್ಧ ತೋಳಿನ ಅಂಗಿ, ಮೊಣಕಾಲ ಮೇಲಕ್ಕೆ ಕಟ್ಟಿದ ಲುಂಗಿ, ಮೂಗಿಗೊಂದು ಟವೆಲ್ಲು. ನಾಜಲ್ಲು ಕಟ್ಟಿಕೊಂಡರೆ ಬಿಚ್ಚಿ ಬಾಯಿಂದ ಊದುವುದು.

2021-22ರಲ್ಲಿ ಮೆಣಸಿನ ಹೂವಿಗೆ ಕಪ್ಪು ನುಸಿ ಬಂತು. ಬಳ್ಳಾರಿಯ ರೈತರು ಕಂಗಾಲಾದರು. ಒಂದು ಎಣ್ಣಿಗೆ ಜಗ್ಗದಿದ್ದರೆ ಎರಡು, ಎರಡಕ್ಕೆ ಜಗ್ಗದಿದ್ದರೆ ಮೂರು ಬೆರೆಸಿ ಹೊಡೆಯುವುದು ರೂಢಿಯಾಯಿತು. ಅದರ ಮುಂದಿನ ವರ್ಷ, ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಆತ ಸಾಲಿನ ನಡುವೆ ಕುಸಿದು ಕುಳಿತ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ತೋಳಿನ ಮಾಂಸಖಂಡಗಳು ತಾವಾಗಿಯೇ ಅದುರುತ್ತಿದ್ದವು.

ಬಳ್ಳಾರಿಯ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಯಾವ ಔಷಧಿ ಹೊಡಿತಿದ್ದ್ರು?”

“ಎಣ್ಣಿ ರೀ ಸಾರ್,” ಎಂದಳು ಹೆಂಡತಿ.

“ಯಾವ ಎಣ್ಣಿ ಅಮ್ಮಾ?”

“ಮೆಣಸಿನ ಗಿಡಕ್ಕ ಹೊಡಿಯಾ ಎಣ್ಣಿ ರೀ.”

ಅಷ್ಟರಲ್ಲಿ ಮಗ ಮೋಟಾರ್ ಸೈಕಲ್ಲಿನಲ್ಲಿ ಬಂದ. ಹತ್ತನೆಯ ತರಗತಿ ಪಾಸಾದ ಹುಡುಗ. ಹೊಲದ ಬದುವಿನಲ್ಲಿ ಬಿದ್ದಿದ್ದ ಖಾಲಿ ಡಬ್ಬಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದಿದ್ದ. ಒಂದು ಡಬ್ಬದ ಚೀಟಿಯಲ್ಲಿ ಹಳದಿ ತ್ರಿಕೋನ. ಅದರ ಕೆಳಗೆ ವಿಷದ ಹೆಸರೂ ಇತ್ತು, ಪ್ರತಿವಿಷದ ಹೆಸರೂ ಇತ್ತು: ಅಟ್ರೋಪಿನ್.

ಈ ತ್ರಿಕೋನದ ಭಾಷೆ ಕಷ್ಟದ್ದೇನಲ್ಲ. ಕೆಂಪು ಎಂದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಅಲ್ಪ. ಆರ್ಗನೋಫಾಸ್ಫರಸ್ ಜಾತಿಯ ವಿಷ ಮಾಡುವ ಕೆಲಸವೂ ಅರ್ಥವಾಗದ್ದಲ್ಲ. ನರದ ತುದಿಯಲ್ಲಿ ಸುದ್ದಿ ಮುಟ್ಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಒಡೆದುಹಾಕಬೇಕು. ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದೇ ಇಲ್ಲ. ನುಸಿಗೂ ಹಾಗೆಯೇ, ಮನುಷ್ಯನಿಗೂ ಹಾಗೆಯೇ. ಕುಡಿಯಲೇಬೇಕೆಂದಿಲ್ಲ, ಬೆವರಿದ ಚರ್ಮವೂ ಅದಕ್ಕೆ ಬಾಗಿಲು. ಆದರೆ ಇಪ್ಪತ್ತು ವರ್ಷ ಪಂಪು ಹೊತ್ತವನಿಗೆ ಇದನ್ನು ಒಬ್ಬರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರ ಮೇಲೂ ಜವಾಬ್ದಾರಿ ಇರಲಿಲ್ಲ.

ಕಾನೂನು ಇಲ್ಲವೇ? ಇದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನೆನಪಿನಲ್ಲೇ 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು ಬಂದವು. ತಯಾರಿಸಲು ಪರವಾನಗಿ, ಮಾರಲು ಪರವಾನಗಿ. 2017ರ ತಿದ್ದುಪಡಿಯಿಂದ ಅಂಗಡಿಯವರಿಗೆ ಪದವಿಯೋ ಡಿಪ್ಲೊಮಾವೋ ಬೇಕಾಯಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ 48 ವಾರಗಳ ಡಿಪ್ಲೊಮಾಕ್ಕೆ ಹಳೆಯ ವ್ಯಾಪಾರಿಗಳೂ ತಲೆ ನರೆತ ಮೇಲೆ ಪಾಟಿಚೀಲ ಹಿಡಿದು ಹೋದರು. ಬಳ್ಳಾರಿ ಪೇಟೆಯ ಹೋಟೆಲಿನಲ್ಲಿ ಜಿರಲೆ ಕೊಲ್ಲುವ ಕಂಪನಿ ನಡೆಸಬೇಕಾದರೂ ಕೃಷಿ ಪದವಿ, ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು. ಜೊತೆಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಂಥ ಸಂಸ್ಥೆಯ ತರಬೇತಿಯ ಪತ್ರ ಬೇಕು.

ಆದರೆ ಈ ಕಾನೂನಿನ ಕಣ್ಣು ಹೊಲದ ಬದುವಿಗೆ ಬಂದು ನಿಂತುಬಿಡುತ್ತದೆ. ತಾನು ಸಾಗುವಳಿ ಮಾಡುವ ನೆಲದಲ್ಲಿ ಕೀಟನಾಶಕ ಬಳಸುವವರಿಗೆ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ರೈತನಿಗೆ ಕಿರುಕುಳವಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಆ ವಿನಾಯಿತಿಯ ನೆರಳಿನಲ್ಲಿ ಪಂಪು ಹೊತ್ತು ನಡೆಯುವವನು ಕೂಲಿಯಾಳು. ಜಿರಲೆಗೆ ಪದವೀಧರ, ಮೆಣಸಿನ ಗಿಡಕ್ಕೆ ಅನಕ್ಷರಸ್ಥ! 2017ರಲ್ಲೇ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ರೈತರು, ಕೂಲಿಗಳು ಪ್ರಾಣ ಬಿಟ್ಟರು. ನೂರಾರು ಜನ ಆಸ್ಪತ್ರೆ ಸೇರಿದರು.

ಅಮೆರಿಕದಲ್ಲಿ 1972ರ ತಿದ್ದುಪಡಿಯ ನಂತರ, ನಿರ್ಬಂಧಿತ ಪಟ್ಟಿಯ ಕೀಟನಾಶಕವನ್ನು ಪ್ರಮಾಣಪತ್ರ ಪಡೆದವರು ಅಥವಾ ಅವರ ಮೇಲ್ವಿಚಾರಣೆಯಲ್ಲಿರುವವರು ಮಾತ್ರ ಬಳಸಬೇಕು. ರೈತನಿಗೂ ಇದರಿಂದ ಬಿಡುಗಡೆಯಿಲ್ಲ. ಐರೋಪ್ಯ ಒಕ್ಕೂಟವೂ 2009ರಲ್ಲಿ ಇಂಥ ನಿಯಮ ಮಾಡಿತು. ಅದನ್ನೇ ಇಲ್ಲಿಗೆ ಎತ್ತಿ ತಂದರೆ ಸಾಕೆ? ಹೊಡೆಯುವ ಪ್ರತಿಯೊಬ್ಬನೂ ಪತ್ರ ತರಬೇಕೆಂದರೆ ಇನ್ನೊಂದು ಕಚೇರಿ, ಇನ್ನೊಂದು ಸಾಲು, ಇನ್ನೊಂದಿಷ್ಟು ಕೈ ಬಿಸಿ ಮಾಡುವ ಖರ್ಚು. ಕಾಗದ ಕೈಗೆ ಬಂದರೂ ತಿಳಿವಳಿಕೆ ತಲೆಗೆ ಹೋಗದಿರಬಹುದು. ಬೇಕಾದದ್ದು ಕಾಗದಕ್ಕಿಂತ ಮೊದಲು ಪಾಠ. ಸಿರುಗುಪ್ಪದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಅಲ್ಲಿಗೆ ರೈತನ ಜೊತೆ ಪಂಪಿನವನನ್ನೂ ಕರೆದು, ಕೂಲಿ ಕೊಟ್ಟು, ಒಂದು ದಿನ ಕೂರಿಸಬಾರದೇಕೆ?

ಆತ ಬದುಕಿದ. ಸ್ವಲ್ಪ ದಿನ ಮನೆಯಲ್ಲಿ ಮಲಗಿದ. ಒಂದು ಸಂಜೆ ಮಗ ಹೊಸ ಸುದ್ದಿ ತಂದ. ಈಗ ಡ್ರೋನಿನಿಂದ ಎಣ್ಣಿ ಹೊಡೆಯುತ್ತಾರಂತೆ. 2021ರ ಡ್ರೋನ್ ನಿಯಮದ ಪ್ರಕಾರ ಹದಿನೆಂಟು ತುಂಬಿ ಹತ್ತನೆಯ ತರಗತಿ ಪಾಸಾಗಿರಬೇಕು, ತರಬೇತಿ ಪಡೆದು ಪೈಲಟ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅದು ಎಣ್ಣಿ ಹೊತ್ಕೊಂಡು ಮ್ಯಾಲ ಹಾರತೈತಿ, ಹೊಡಿಯಾವ ದೂರ ನಿಂತಿರ್ತಾನ. ಅವಂಗ ಸರ್ಟಿಪಿಕೇಟು ಬೇಕು. ಬೆನ್ನಿಗೆ ಕಟ್ಕೊಂಡಾವಂಗ ಏನೂ ಬ್ಯಾಡೇನಪ್ಪಾ?”

ಮಗನಿಗೆ ಉತ್ತರ ಹೊಳೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಪ್ಪ ಮತ್ತೆ ಪಂಪು ಹೊತ್ತ, ಹೊಟ್ಟೆ ಕೇಳಬೇಕಲ್ಲ. ಒಂದು ವ್ಯತ್ಯಾಸ ಮಾತ್ರ ಆಗಿದೆ. ತೋಳು ತುಂಬ ಅಂಗಿ, ಕೈಗೆ ಗವಸು ಹಾಕುತ್ತಾನೆ. ಡಬ್ಬ ಒಡೆಯುವ ಮೊದಲು ಅದನ್ನು ಮಗನ ಕೈಗೆ ಕೊಡುತ್ತಾನೆ. ಮಗ ಚೀಟಿಯನ್ನು ಗಟ್ಟಿಯಾಗಿ ಓದುತ್ತಾನೆ. ಹೊಲದ ಮಾಲೀಕ ಅವಸರ ಮಾಡಿದರೂ, ಓದು ಮುಗಿಯುವವರೆಗೆ ಆತ ಪಂಪು ಎತ್ತುವುದಿಲ್ಲ.